ದೊರೆಯ ತಳಿ

ಆಗ ನನಗೆ ಹದಿನಾರು ವರ್ಷ. ಅದಾಗಿ ಐವತ್ತರ ಮೇಲೆ ಒಂದೆರಡು ವರ್ಷ ಕಳೆದಿರಬೇಕು. ಇಸ್ಸಾಕ್ವಾ ದಾಟಿ ಬೆಟ್ಟದ ಬುಡದಲ್ಲಿ ಈಗ ಒಂದೇ ಅಚ್ಚಿನ ಬೂದು ಮನೆಗಳು ಸಾಲಾಗಿ ಕೂತಿವೆಯಲ್ಲ, ಅಲ್ಲಿ ಆಗ ನಮ್ಮ ಮನೆ, ಲಾಯ, ಹುಲ್ಲುಗಾವಲು ಇದ್ದವು. ಈಗ ಆ ಮನೆಗಳಲ್ಲಿ ಇಂಡಿಯಾದಿಂದ ಬಂದ ನಮ್ಮವರೇ ಎಷ್ಟೋ ಜನ ಇದ್ದಾರೆ. ಬೆಳಿಗ್ಗೆ ಕಾರು ಹತ್ತಿ ಓವರ್‌ಲೇಕಿನ ಕಂಪ್ಯೂಟರ್ ಕಂಪನಿಗಳಿಗೆ ಹೋಗುತ್ತಾರೆ, ಸಂಜೆ ಬರುತ್ತಾರೆ. ಹಬ್ಬಕ್ಕೆ ನನ್ನನ್ನೂ ಕರೆಯುತ್ತಾರೆ. ನಾನೀಗ ಇರುವ ಮಿಲ್ ಕ್ರೀಕಿನಿಂದ ಮಗಳು ಡ್ರೈವ್ ಮಾಡಿಕೊಂಡು ಕರೆದುಕೊಂಡು ಬರುತ್ತಾಳೆ. ತಟ್ಟೆ ತುಂಬ ಬಡಿಸಿ, ಸೋಫಾದ ಮೇಲೆ ಕೂರಿಸಿ, ಸುತ್ತ ನಿಂತು ಕೇಳುತ್ತಾರೆ.

"ಆಂಟಿ, ನೀವು ರ‍್ಯಾಂಚಲ್ಲಿ ಬೆಳೆದಿದ್ದಂತೆ? ಎಷ್ಟ್ ಲಕ್ಕಿ ನೀವು. ನಮ್ ಮಗಳನ್ನೂ ರೈಡಿಂಗ್ ಕ್ಲಾಸಿಗೆ ಹಾಕಿದೀವಿ."

"ಲದ್ದಿ ಬಾಚೋ ಕ್ಲಾಸಿಗೂ ಹಾಕಮ್ಮ."

ನಗುತ್ತಾರೆ. ಮುದುಕಿ ತಮಾಷೆ ಮಾಡಿತು ಅಂದುಕೊಳ್ಳುತ್ತಾರೆ. ಆ ಮಗಳು ಒಂದು ಸಲ ಕುದುರೆಯ ಬಾಯಿ ವಾಸನೆ ಕುಡಿದಿದ್ದರೆ ಗೊತ್ತಾಗುತ್ತಿತ್ತು. ಇರಲಿ. ಇವರಿಗೆ ಹೇಳಿ ಪ್ರಯೋಜನವಿಲ್ಲವೆಂದೇ ಬರೆಯುತ್ತಿದ್ದೇನೆ. ನಾನು ಓದಿದ್ದು ಕಡಿಮೆ. ಮೈಸೂರಿನಲ್ಲಿ ಮೂರನೇ ಕ್ಲಾಸು. ಇಲ್ಲಿಗೆ ಬಂದ ಮೇಲೆ ಇಂಗ್ಲಿಷ್ ಬಾರದೆ ಕೆಲವು ವರ್ಷ ಹಿಂದಿನ ಬೆಂಚಿನಲ್ಲಿ ಮೂಕಿಯ ಹಾಗೆ ಕೂತಿದ್ದೆ. ಹದಿನಾಲ್ಕಾದಾಗ ಅಪ್ಪ ಸ್ಕೂಲಿನವರಿಗೆ "ಮಗಳು ಇಂಡಿಯಾಕ್ಕೆ ವಾಪಸ್ ಹೋದಳು" ಎಂದು ಹೇಳಿ ನನ್ನನ್ನು ಲಾಯಕ್ಕೆ ಹಾಕಿದ. ಸುಳ್ಳು ಹೇಳುವಾಗ ಅವನು ಟೈ ಕಟ್ಟಿಕೊಂಡಿದ್ದ. ಅದಕ್ಕೇ ಅವರು ನಂಬಿದರು ಅಂತ ಕಾಣುತ್ತದೆ.

ಅಪ್ಪ ವಿಮಾನದ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದವನು. ಒಂದು ವರ್ಷ ಕಂಪನಿಯವರು ಜನರನ್ನು ಹಿಂಡುಹಿಂಡಾಗಿ ಮನೆಗೆ ಕಳಿಸಿದರು. ಅಪ್ಪನನ್ನೂ ಕಳಿಸಿದರು. ಕೆಲಸ ಹೋದವರು ಬೇರೆ ಊರು ನೋಡಿಕೊಂಡರು, ಕೆಲವರು ಗಂಟುಮೂಟೆ ಕಟ್ಟಿ ವಾಪಸ್ ಹೋದರು. ಅಪ್ಪ ಮಾತ್ರ ಯಾವುದೋ ಜಾತ್ರೆಯಂಥ ಪ್ರದರ್ಶನದಲ್ಲಿ ಕ್ವಾರ್ಟರ್ ಕುದುರೆ ನೋಡಿ ಬಂದ. ಕ್ವಾರ್ಟರ್ ಕುದುರೆ ಎಂದರೆ ಕಾಲು ಮೈಲಿಯ ಓಟದಲ್ಲಿ ಬೇರೆ ಯಾವ ಕುದುರೆಯನ್ನೂ ಮುಂದೆ ಬಿಡದ ಜಾತಿ. ಗಿಡ್ಡ ಕಾಲು, ದಪ್ಪ ತೊಡೆ, ದನ ಅಟ್ಟುವುದಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಮನೆಯಲ್ಲಿ ದನವಿರಲಿಲ್ಲ. ಅಪ್ಪ ಒಂದು ದಿನವೂ ಕುದುರೆ ಹತ್ತಿದವನಲ್ಲ. ಆದರೆ ತನ್ನ ತಾತ ಅರಮನೆಯ ಲಾಯದಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಎಂದು ಹೇಳಿಕೊಳ್ಳುತ್ತಿದ್ದ. ಆ ತಾತ ಅಲ್ಲಿ ಹುರುಳಿ ಅಳೆದು ಕೊಡುತ್ತಿದ್ದ ಎಂದು ಅಜ್ಜಿಯೇ ಒಂದು ದಿನ ಬಾಯಿ ತಪ್ಪಿ ಹೇಳಿದಳು.

ಮನೆ ಉದ್ದಕ್ಕೆ ಮಲಗಿಸಿದ ಮರದ ಡಬ್ಬದ ಹಾಗಿತ್ತು. ಮುಂದೆ ಹಾಲು, ನಡುವೆ ಅಡುಗೆಮನೆ, ಅದರ ಪಕ್ಕಕ್ಕೆ ಬಟ್ಟೆ ಇಡುವ ಗೂಡನ್ನೇ ಖಾಲಿ ಮಾಡಿ ಮಾಡಿದ ದೇವರ ಕೋಣೆ, ಹಿಂದೆ ಕೆಸರಿನ ಬೂಟು ಬಿಡುವ ಜಗಲಿ. ಒಂಬತ್ತು ತಿಂಗಳು ಜಿನುಗು ಮಳೆ, ಎಲ್ಲದರಲ್ಲೂ ಮುಗ್ಗಲು ವಾಸನೆ. ಹಾಲಿನ ಗೋಡೆಯಲ್ಲಿ ನಮ್ಮ ಮನೆತನದ ಯಾರ ಪಟವೂ ಇರಲಿಲ್ಲ. ಚಾಮುಂಡಿಯ ಪಕ್ಕಕ್ಕೆ ದೊರೆಯ ಪಟ ಇತ್ತು. ದೊರೆ ಎಂದರೆ ಅಪ್ಪ ತಂದ ಮೊದಲ ಗಂಡು ಕುದುರೆ. ಕೆಂಚು ಬಣ್ಣ, ಹಣೆಯಲ್ಲಿ ಬಿಳಿ ಮಚ್ಚೆ. ಅದು ಮನೆಗೆ ಬಂದ ದಿನ ಅಮ್ಮ ಆರತಿ ಎತ್ತಿದಳು. ನಾವು ಮೈಸೂರಿನಿಂದ ಬಂದಿಳಿದ ದಿನ ನಮಗೆ ಯಾರೂ ಆರತಿ ಎತ್ತಿರಲಿಲ್ಲ. ಊಟದ ಮೇಜಿನ ಎದುರಿನ ಗೋಡೆಗೆ ಅಪ್ಪ ಬಣ್ಣದಲ್ಲಿ ದೊರೆಯ ವಂಶವೃಕ್ಷ ಬರೆದಿದ್ದ. ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು. ಪ್ರತಿ ಮರಿ ಹುಟ್ಟಿದಾಗಲೂ ಸ್ಟೂಲ್ ಹತ್ತಿ ಒಂದು ಕೊಂಬೆ ಎಳೆಯುತ್ತಿದ್ದ. ನಾವು ಅನ್ನ ಸಾರು ತಿನ್ನುತ್ತಾ ಯಾರು ಯಾರಿಗೆ ಹುಟ್ಟಿದರು ಎಂದು ನೋಡುತ್ತಿರಬೇಕು. ಬಸುರಿ ಕುದುರೆಗಳಿಗೆ ಅಗಸೆ ಬೀಜ ಬೇಯಿಸಿ ಬೆಲ್ಲ ತುಪ್ಪ ಹಾಕಿ ಬಕೆಟ್ಟು ತುಂಬಿಸುವುದು ಅಮ್ಮನ ಕೆಲಸ. ನನ್ನ ಅನ್ನಕ್ಕೆ ತುಪ್ಪ ಕೇಳಿದರೆ "ನೀನೇನು ಬಸುರೀನಾ" ಎನ್ನುತ್ತಿದ್ದಳು.

ಮನೆಯಲ್ಲಿ ಇದ್ದವರು ಐದು ಜನ. ಅಪ್ಪ, ಅಮ್ಮ, ನಾನು, ಅಮ್ಮನ ತಾಯಿ ಅಜ್ಜಿ, ಅಮ್ಮನ ತಮ್ಮ ರಘು ಮಾವ. ಮಾವನಿಗೆ ಮೂವತ್ತು ದಾಟಿತ್ತು. ದೊಡ್ಡ ಹ್ಯಾಟು ಹಾಕಿ, ಸೊಂಟಕ್ಕೆ ತಟ್ಟೆಯಷ್ಟಗಲದ ಬಕಲ್ ಕಟ್ಟಿ, ಬೇಲಿಗೆ ಒರಗಿ ನಿಂತು ಫೋಟೋ ತೆಗೆಸಿ ಮೈಸೂರಿಗೆ ಕಳಿಸುತ್ತಿದ್ದ. ಬೇಲಿಯ ಈ ಕಡೆಗೇ ನಿಂತಿರುತ್ತಿದ್ದ, ಕುದುರೆಗಳಿರುವ ಆ ಕಡೆಗಲ್ಲ. ಒಂದು ಆಯುಧಪೂಜೆಯ ದಿನ ದೊರೆಗೆ ಕುಂಕುಮ ಇಟ್ಟು, ಹೂವಿನ ಹಾರ ಹಾಕಿ, ಅದರ ಮುಂದೆಯೇ ಬೂದುಗುಂಬಳಕಾಯಿ ಒಡೆದರು. ಕುದುರೆ ಬೆದರಿ ಓಡಿತು. ಹಗ್ಗ ಕೈಗೆ ಸುತ್ತಿಕೊಂಡಿದ್ದ ಮಾವನನ್ನು ಬ್ಲ್ಯಾಕ್‌ಬೆರಿ ಮುಳ್ಳಿನ ಪೊದೆಯವರೆಗೂ ಎಳೆದುಕೊಂಡು ಹೋಯಿತು. ಮುಳ್ಳು ಕಿತ್ತವಳು ನಾನು. ಎರಡು ಮೂರು ಕಡೆ ಹೆಣ್ಣು ನೋಡಿದ್ದರು. ಫೋಟೋ ನೋಡಿ ಒಪ್ಪಿದ ಹುಡುಗಿಯರು ಕುದುರೆ ಸಾಕುವ ಮನೆ ಎಂದು ತಿಳಿದ ಮೇಲೆ ಒಲ್ಲೆ ಎಂದರು. ಬುದ್ಧಿವಂತೆಯರು.

ಅಪ್ಪನ ಪಾಠ ಊಟದ ಹೊತ್ತಿಗೇ.

"ಹೊರಗಿನ ರಕ್ತ ಬೆರೆಸಿದ್ರೆ ತಳಿ ನೀರಾಗತ್ತೆ. ದೊರೆ ಗುಣ ಗಟ್ಟಿಯಾಗ್ಬೇಕು ಅಂದ್ರೆ ದೊರೆ ಮೇಲೆ ದೊರೇನೇ ತರ್ಬೇಕು."

"ನಮ್ಮಲ್ಲಿ ಮಾಡ್ಕೊಂಡು ಬಂದಿರೋದೇ ಅದಲ್ವೇನಪ್ಪ," ಎನ್ನುವಳು ಅಜ್ಜಿ. "ನನ್ನನ್ನ ನನ್ನ ಸೋದರಮಾವನಿಗೇ ಕೊಟ್ರು. ನಿನಗೆ ನನ್ನ ಮಗಳನ್ನ ಕೊಟ್ಟಿದ್ದೂ ನೀನು ನಮ್ಮಣ್ಣನ ಮಗ ಅಂತಾನೇ. ಏನ್ ಕಮ್ಮಿ ಆಯ್ತು?"

ಕಮ್ಮಿಯಾದದ್ದು ಮೈಸೂರಿನಲ್ಲಿತ್ತು. ಅಜ್ಜಿಯ ಎರಡನೆಯ ಮಗಳು ಸರಸಿ ಹುಟ್ಟು ಕಿವುಡಿ, ಮಾತೂ ಇಲ್ಲ. ಅವಳನ್ನು ಯಾರೋ ನೆಂಟರ ಮನೆಯ ಹಿಂದಿನ ಕೋಣೆಯಲ್ಲಿ ಬಿಟ್ಟು ಇವರೆಲ್ಲ ವಿಮಾನ ಹತ್ತಿದ್ದರು. ಅವಳ ಬೆನ್ನಿಗೆ ಅಜ್ಜಿಗೆ ಹುಟ್ಟಿದ ಇನ್ನೊಂದು ಮಗುವೂ ಹಾಗೆಯೇ ಇದ್ದು, ಸಣ್ಣದರಲ್ಲೇ ಹೋಯಿತಂತೆ. ನಾಗದೋಷ ಎಂದು ಅಜ್ಜಿ ಒಂದು ಕಲ್ಲು ನಿಲ್ಲಿಸಿ ಕೈ ತೊಳೆದುಕೊಂಡಿದ್ದಳು. ಮನೆಯಲ್ಲಿ ಸರಸಿಯ ಹೆಸರು ಎತ್ತುವ ಹಾಗಿರಲಿಲ್ಲ.

ಅಪ್ಪ ಹೇಳಿದ್ದನ್ನೇ ಮಾಡಿದ. ದೊರೆಯ ಜೊತೆಗೇ ಅದರ ಮಗ ಚಿಕ್ಕದೊರೆಯನ್ನೂ ಬೆಳೆದು ನಿಂತ ಒಂದು ಮೊಮ್ಮಗಳನ್ನೂ ಕೊಂಡು ತಂದಿದ್ದ. ದೊರೆಯ ಮಗಳ ಹೊಟ್ಟೆಯಲ್ಲಿ ಹುಟ್ಟಿದ ಆ ಹೆಣ್ಣು ಕುದುರೆಯನ್ನು ಆ ಚಿಕ್ಕದೊರೆಗೇ ಬಿಟ್ಟ. ಮೊದಲು ಒಂದು ಗಂಡು ಮರಿ, ಮಾರನೆಯ ವರ್ಷ ಒಂದು ಹೆಣ್ಣು ಮರಿ. ಎರಡೂ ನೋಡಲು ಬೊಂಬೆಯ ಹಾಗಿದ್ದವು. ಅಪ್ಪ ಗೋಡೆಯ ಮೇಲೆ ಎರಡು ಕಡೆಯ ಕೊಂಬೆ ಎಳೆದು ಒಂದಕ್ಕೊಂದು ಕೂಡಿಸಿ, ಸ್ಟೂಲಿನಿಂದ ಇಳಿದು, ದೂರ ನಿಂತು ತಲೆದೂಗಿದ. ಗಂಡು ಮರಿಗೆ ಎರಡು ವರ್ಷ ತುಂಬಿದಾಗ ಜೀನು ಹೊರಿಸಿ ಪಳಗಿಸುವ ಕೆಲಸ ನನಗೆ ಬಿತ್ತು. ಆ ಕೆಲಸ ಬರುತ್ತಿದ್ದದ್ದು ನನಗೊಬ್ಬಳಿಗೇ. ಜೀನು ಬಿಗಿದು ಸುತ್ತು ಹಾಕಿಸಿ ತೆಗೆದರೆ ಅದರಡಿಯ ಕಂಬಳಿಯ ಜೊತೆಗೆ ಬೆನ್ನಿನ ಚರ್ಮವೂ ಬಂತು. ಬೆಂದ ಆಲೂಗಡ್ಡೆಯ ಸಿಪ್ಪೆ ಹೇಗೆ ಜಾರುತ್ತದೋ ಹಾಗೆ. ಅಪ್ಪ ಕುದುರೆಯ ಹಗ್ಗದಲ್ಲೇ ನನಗೆ ಹೊಡೆದ. ಜೀನು ತಪ್ಪು ಬಿಗಿದಳು, ಕಂಬಳಿಯಲ್ಲಿ ಕಡ್ಡಿ ಬಿಟ್ಟಳು ಎಂದ. ಗಾಯ ಮಾಯಲಿಲ್ಲ. ಒಂದು ಲಾರಿ ಬಂದು ಅದನ್ನು ಹತ್ತಿಸಿಕೊಂಡು ಹೋಯಿತು. ಅಪ್ಪ ಗೋಡೆಯ ಮೇಲಿನ ಆ ಕೊಂಬೆಗೆ ಸುಣ್ಣ ಬಳಿದ.

ಹೆಣ್ಣು ಮರಿ ಗೌರಿ. ಅದಕ್ಕೆ ಎರಡು ತುಂಬಿದ ಮೇಲೆ ನಾನು ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಕಿ, ಮೇಲೆ ಮೆತ್ತನೆಯ ಕಂಬಳಿ ಹಾಕಿ, ಜೀನನ್ನು ಸುಮ್ಮನೆ ಇಟ್ಟೆ. ಬಿಗಿಯಲೇ ಇಲ್ಲ. ಲಾಯದ ಬಾಗಿಲಿನವರೆಗೆ ನಡೆಸಿ ತೆಗೆದೆ. ಅದೇ ಕಥೆ. ಸೀರೆಗೆ ಚರ್ಮ ಅಂಟಿಕೊಂಡಿತ್ತು. ಈ ಸಲ ಅಪ್ಪ ಅಲ್ಲೇ ನಿಂತು ನೋಡುತ್ತಿದ್ದ, ಹೊಡೆಯಲು ಕಾರಣ ಸಿಗಲಿಲ್ಲ. ಕುದುರೆ ಡಾಕ್ಟರನ್ನು ಕರೆಸಿದ. ಡಾಕ್ಟರು ವಯಸ್ಸಾದ ಬಿಳಿಯ, ಮಾತು ಕಡಿಮೆ, ಬಾಯಲ್ಲಿ ಯಾವಾಗಲೂ ಹಲ್ಲುಕಡ್ಡಿ. ಅವನು ಗೌರಿಯ ಕುತ್ತಿಗೆಯ ಚರ್ಮ ಎರಡು ಬೆರಳಲ್ಲಿ ಹಿಡಿದು ಎಳೆದ. ರಬ್ಬರಿನ ಹಾಗೆ ಬಂತು, ವಾಪಸ್ ಹೋಗಲು ಹೊತ್ತು ಹಿಡಿಯಿತು. ಅವನು ಇಂಗ್ಲಿಷಿನಲ್ಲಿ ಆಡಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

"ಇದರ ಅಪ್ಪ ಯಾರು?"

"ದೊರೆಯ ಮಗ," ಎಂದ ಅಪ್ಪ.

"ತಾಯಿ?"

"ದೊರೆಯ ಮೊಮ್ಮಗಳು." ಅಪ್ಪನ ಎದೆ ಆಗಲೂ ಉಬ್ಬಿತು.

"ಅಂದರೆ ಮಾವನಿಗೆ ಅಕ್ಕನ ಮಗಳನ್ನ ಬಿಟ್ಟಿದೀರಿ. ದೋಷ ಆ ಹಳೇ ಗಂಡಿನ ಮೈಯಲ್ಲಿ ಅಡಗಿ ಕೂತಿರಬೇಕು. ಒಂದೇ ಕಡೆಯಿಂದ ಬಂದರೆ ಕಾಣಲ್ಲ. ಎರಡೂ ಕಡೆಯಿಂದ ಬಂದರೆ ಹೀಗೆ. ಇನ್ನೂ ಬೇರೆಯವರ ಲಾಯದಲ್ಲೂ ನೋಡಿದೀನಿ. ಹತ್ತಿರದ ರಕ್ತ ಕೂಡಿಸೋದು ನಿಲ್ಲಿಸಿ. ಹೊರಗಿನ ಗಂಡು ತನ್ನಿ."

ಅಪ್ಪ ವಾದ ಮಾಡುತ್ತಾನೆ ಎಂದುಕೊಂಡೆ. ಮಾಡಲಿಲ್ಲ. "ಐ ಆಮ್ ಎ ಮ್ಯಾನ್ ಆಫ್ ಸೈನ್ಸ್" ಎಂದ. ಅಷ್ಟು ವರ್ಷದ ಪಾಠವನ್ನು ಹಲ್ಲುಕಡ್ಡಿ ಉಗುಳಿದಷ್ಟು ಸಲೀಸಾಗಿ ಉಗುಳಿದ. ಚಿಕ್ಕದೊರೆಯ ಬೀಜ ಅವತ್ತೇ ತೆಗೆದುಬಿಡಿ ಎಂದೂ ಹೇಳಿದ. ಡಾಕ್ಟರು ಊಟ ಮುಗಿಸಿ ಬಂದು ತೆಗೆದ. ತಲೆ ಹಿಡಿಯಬೇಕಾಗಿದ್ದ ಮಾವ ಚಾಕು ನೋಡಿ ಲಾಯದ ಹಿಂದಕ್ಕೆ ಹೋಗಿ ವಾಂತಿ ಮಾಡಿಕೊಂಡ. ತಲೆ ಹಿಡಿದವಳು ನಾನೇ. ಅಪ್ಪ ಸಂಜೆಯವರೆಗೂ ಪಕ್ಕದ ಊರುಗಳಿಗೆಲ್ಲ ಫೋನ್ ಮಾಡಿ, ದೊರೆಯ ನೆತ್ತರು ಒಂದು ಹನಿಯೂ ಇಲ್ಲದ ಗಂಡು ಎಲ್ಲಿದೆ ಎಂದು ವಿಚಾರಿಸಿದ. ಆರೇಳು ತಲೆಮಾರಿನವರೆಗೂ ಬಿಡದೆ ಕೇಳುತ್ತಿದ್ದ. ಅವನಿಗೆ ಅಷ್ಟು ಜಾಗ್ರತೆ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಅವತ್ತು ನಾನು ಮುಟ್ಟಾಗಿ ಎರಡನೆಯ ದಿನ. ನಮ್ಮ ಮನೆಯಲ್ಲಿ ಆ ಮೂರು ದಿನ ಅಡುಗೆಮನೆಗೆ, ದೇವರ ಕೋಣೆಗೆ ಹೋಗುವ ಹಾಗಿಲ್ಲ. ಲಾಯಕ್ಕೆ ಹೋಗಬಹುದು, ಲದ್ದಿ ಬಾಚಬಹುದು, ಕುದುರೆಯ ರಕ್ತ ಒರೆಸಬಹುದು, ಅದಕ್ಕೆಲ್ಲ ಮೈಲಿಗೆ ಇರಲಿಲ್ಲ. ಊಟದ ಹೊತ್ತಿಗೆ ಹಿಂದಿನ ಜಗಲಿಯಲ್ಲಿ ಬೂಟುಗಳ ನಡುವೆ ಕೂರಬೇಕು. ಅಜ್ಜಿ ಕೋಲಿನ ತುದಿಯಲ್ಲಿ ತಟ್ಟೆಯನ್ನು ಹೊಸ್ತಿಲಾಚೆಗೆ ನೂಕುತ್ತಿದ್ದಳು. ನಾನು ಅನ್ನ ಕಲೆಸುತ್ತಿದ್ದೆ. ಒಳಗಿನ ಮಾತು ಎಲ್ಲ ಕೇಳುತ್ತಿತ್ತು. ನನ್ನ ವಿಷಯವೇ ಆದ್ದರಿಂದ ದನಿ ತಗ್ಗಿಸಬೇಕು ಎಂದು ಯಾರಿಗೂ ಅನ್ನಿಸಲಿಲ್ಲ.

"ಯುಗಾದಿ ಕಳೀಲಿ," ಎಂದಳು ಅಜ್ಜಿ. "ವೈಶಾಖದಲ್ಲಿ ಮುಗಿಸ್ಬಿಡೋಣ. ರಘುನ ಹೀಗೇ ಎಷ್ಟ್ ದಿನ ಬಿಡೋದು. ಮನೇಲೇ ಹೆಣ್ಣು ಬೆಳೆದು ನಿಂತಿರೋವಾಗ ಊರೆಲ್ಲಾ ಹುಡುಕಿದ್ದೇ ತಪ್ಪು."

"ಇಲ್ಲಿ ಆಗಲ್ಲ ಅತ್ತೆ. ಮಾವಂಗೆ ಅಕ್ಕನ ಮಗಳನ್ನ ಕೊಡೋಕೆ ಇಲ್ಲಿ ಲಾ ಒಪ್ಪಲ್ಲ. ವಿಚಾರ್ಸಿದೀನಿ. ಮೈಸೂರಲ್ಲೇ ಆಗ್ಬೇಕು. ಪಾಸ್‌ಪೋರ್ಟೆಲ್ಲಾ ದೇವರ ಪೆಟ್ಟಿಗೇಲಿದೆ, ತೊಂದ್ರೆ ಇಲ್ಲ. ಮದ್ವೆ ಮಾಡ್ಕೊಂಡು ಬಂದ್ಮೇಲೆ ಯಾರ್ ಕೇಳ್ತಾರೆ."

"ಟಿಕೆಟ್ ಬೇಗ ಬುಕ್ ಮಾಡಿ ಭಾವ," ಎಂದ ರಘು ಮಾವ. "ಲೇಟಾದ್ರೆ ಕಿಟಕಿ ಸೀಟ್ ಸಿಗಲ್ಲ."

ನಾನು ತಟ್ಟೆ ಹಿಡಿದುಕೊಂಡು ಎದ್ದೆ. ಹೊಸ್ತಿಲು ದಾಟಿ ಅಡುಗೆಮನೆಗೆ ನಡೆದೆ. ಎಲ್ಲರ ಕೈ ಬಾಯಿಯ ಹತ್ತಿರ ನಿಂತಿತು.

"ಎಲ್ಲಿಗ್ ಬಂದ್ಯೇ?" ಅಜ್ಜಿ ಕೋಲು ಹುಡುಕಿದಳು. "ಆಚೆ ನಿಂತ್ಕೊ, ಆಚೆ."

"ಅಪ್ಪ, ಗೌರಿ ನೋಡಿ ಡಾಕ್ಟ್ರು ಏನ್ ಹೇಳಿದ್ರು?"

"ಊಟದ್ ಹೊತ್ತಲ್ಲಿ ಅದ್ಯಾಕೀಗ. ಹೋಗ್ ಆಚೆ."

"ಮಾವಂಗೆ ಅಕ್ಕನ ಮಗಳನ್ನ ಬಿಡ್ಬೇಡಿ ಅಂದ್ರು. ನೀನು ಹೂಂ ಅಂದೆ. ಮಧ್ಯಾಹ್ನ ಚಿಕ್ಕದೊರೆ ಬೀಜ ತೆಗೆಸ್ದೆ. ರಾತ್ರಿ ಊಟಕ್ಕೆ ಕೂತ್ಕೊಂಡು ನನ್ನನ್ನ ಮಾವಂಗೆ ಕಟ್ತಿದೀಯ."

"ಅದು ಪ್ರಾಣಿ ಕಣೆ. ಅದಕ್ಕೂ ಇದಕ್ಕೂ ಏನ್ ಸಂಬಂಧ. ನಮಗೆ ಶಾಸ್ತ್ರ ಅಂತ ಒಂದಿದೆ."

"ಪ್ರಾಣಿಗಾದ್ರೆ ಸೈನ್ಸು, ನನಗೆ ಶಾಸ್ತ್ರನಾ. ಸರಸಿ ಚಿಕ್ಕಮ್ಮನಿಗೆ ಕಿವಿ ಯಾಕ್ ಕೇಳಲ್ಲ?"

ಅಮ್ಮನ ಕೈಯಲ್ಲಿದ್ದ ಸೌಟಿನಿಂದ ಸಾರು ಮೇಜಿನ ಮೇಲೆ ಸುರಿಯುತ್ತಿತ್ತು.

"ಅದು ನಾಗದೋಷ," ಎಂದಳು ಅಜ್ಜಿ.

"ಗೌರಿ ಬೆನ್ನಿಗೂ ನಾಗಪ್ಪನೇ ಬಂದಿದ್ನಾ?"

ಆಗ ಅಮ್ಮ ಬಾಯಿ ಬಿಟ್ಟಳು. ನನ್ನ ಪರವಾಗಿ ಏನಾದರೂ ಅಂದಾಳು ಎಂದು ಒಂದು ಗಳಿಗೆ ಕಾದೆ. ಆ ಒಂದು ಗಳಿಗೆ ನೆನೆದರೆ ಈಗಲೂ ನನ್ನ ಮೇಲೇ ನನಗೆ ಹೇಸಿಗೆ.

"ನೀನು ಹುಟ್ಟಿದ್ ದಿನಾನೇ ನಾನು ಮಾತು ಕೊಟ್ಟಿದೀನಿ. ರಘು ಇನ್ನೂ ಸ್ಕೂಲಿಗ್ ಹೋಗ್ತಿದ್ದ. ನಿನ್ನ ತೊಟ್ಟಿಲು ತೂಗಿದಾನೆ ಅವನು."

"ತೂಗಿದ್ದಕ್ಕೆ ಕೂಲಿನಾ ನಾನು?"

"ನನ್ ಕಡೆಯಿಂದ ಬಲವಂತ ಏನಿಲ್ಲ," ಎಂದ ಮಾವ, ಗೋಡೆಯ ಕಡೆ ನೋಡುತ್ತಾ. "ಅಕ್ಕ ಮಾತು ಕೊಟ್ಟಿದಾಳೆ, ಅಷ್ಟೆ. ನಂಗೇನು, ಎಲ್ರೂ ಹೇಳ್ದಂಗೆ."

ಅವನಿಗೆ ನಿಜವಾಗಿಯೂ ಏನೂ ಇರಲಿಲ್ಲ. ಬೇಕು ಎಂದಿದ್ದರೆ ದ್ವೇಷಿಸಬಹುದಿತ್ತು, ಬೇಡ ಎಂದಿದ್ದರೆ ಕೈ ಮುಗಿಯಬಹುದಿತ್ತು. ಕಿಟಕಿ ಸೀಟು ಕೇಳುವವನನ್ನು ಏನು ಮಾಡುವುದು. ನಾನು ಅಮ್ಮನ ಕೈಯಿಂದ ಸೌಟು ತೆಗೆದುಕೊಂಡೆ. ಸಾರಿನ ಪಾತ್ರೆಗೆ ಅದ್ದಿ, ನನ್ನ ತಟ್ಟೆಗೆ ಬಡಿಸಿಕೊಂಡೆ. ಅನ್ನದ ಪಾತ್ರೆಗೆ ಕೈ ಹಾಕಿ ಅನ್ನ ಹಾಕಿಕೊಂಡೆ. ತುಪ್ಪದ ಗಿಂಡಿಯನ್ನೂ ಬಗ್ಗಿಸಿದೆ. ಕುರ್ಚಿ ಎಳೆದುಕೊಂಡು ಅವರ ನಡುವೆ ಕೂತು ತಿನ್ನಲು ಶುರು ಮಾಡಿದೆ. ಅಪ್ಪ ಎದ್ದು ಬಂದು ಕೆನ್ನೆಗೆ ಬಿಟ್ಟ. ಬಾಯಲ್ಲಿದ್ದ ತುತ್ತನ್ನು ಉಗುಳಲಿಲ್ಲ, ನುಂಗಿದೆ. ಅಜ್ಜಿ ಎಲ್ಲ ಅಡುಗೆಯನ್ನೂ ಹೊರಗೆ ಚೆಲ್ಲಿಸಿದಳು, ತಲೆಗೆ ನೀರು ಹಾಕಿಕೊಂಡಳು, ಮೇಜಿಗೆ ಎರಡು ಸಲ ನೀರು ಹೊಡೆಸಿದಳು. ಅಷ್ಟೆಲ್ಲ ಆಗುವಾಗ ಮಾವ ಹಸಿವು ಹಸಿವು ಎಂದು ಬಾಗಿಲಲ್ಲಿ ಸುಳಿದಾಡುತ್ತಿದ್ದ. ಕೊನೆಗೆ ಅಪ್ಪ ಒಂದು ಮಾತು ಹೇಳಿ ಮಲಗಲು ಹೋದ.

"ವೈಶಾಖ ಅಂದ್ರೆ ವೈಶಾಖ. ಎಳ್ಕೊಂಡ್ ಹೋದ್ರೂ ಸರಿ."

ಮಾವ ಕೊನೆಗೆ ಮದುವೆಯಾದದ್ದು ತುಮಕೂರಿನ ಕಡೆಯ ಒಂದು ಹುಡುಗಿಯನ್ನು. ನಮಗೆ ಯಾವ ರೀತಿಯಲ್ಲೂ ನೆಂಟಳಲ್ಲ. ಹೊರಗಿನ ಹೆಣ್ಣು ಎಂದು ಅಜ್ಜಿ ಸಾಯುವವರೆಗೂ ಅವಳ ಕೈಯಲ್ಲಿ ನೀರು ಕುಡಿಯಲಿಲ್ಲ. ಅವರ ಮಕ್ಕಳು ಹಬ್ಬದಲ್ಲಿ ಸಿಗುತ್ತಾರೆ. ಹಿಂದಿನಿಂದ ಮೆಲ್ಲಗೆ ಕರೆದರೂ ತಿರುಗಿ ನೋಡುತ್ತಾರೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ, ಆದರೆ ಕೇಳಿಸಿಕೊಳ್ಳುತ್ತಾರೆ. ನನಗೆ ಎಷ್ಟು ಋಣಿಗಳಾಗಿರಬೇಕು ಎಂದು ಅವರಿಗೆ ಗೊತ್ತಿಲ್ಲ. ಹೇಳಲು ನಾನೂ ಹೋಗಿಲ್ಲ.

ಆ ರಾತ್ರಿಯ ಊಟದ ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಸ್ನಾನ ಮಾಡಲಿಲ್ಲ, ಮುಖವನ್ನೂ ತೊಳೆಯಲಿಲ್ಲ. ನೇರವಾಗಿ ದೇವರ ಕೋಣೆಗೆ ಹೋದೆ. ದೇವರ ಪೆಟ್ಟಿಗೆ ತೆರೆದು ಪಾಸ್‌ಪೋರ್ಟುಗಳನ್ನು ತೆಗೆದೆ, ಫೋಟೋ ನೋಡಿ ನನ್ನದನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಹಾಗೆಯೇ ಮಡಚಿ ಇಟ್ಟೆ. ಅವರು ಬೇಕಾದರೆ ಮೈಸೂರಿಗೆ ಹೋಗಿ ಒಬ್ಬರನ್ನೊಬ್ಬರು ಮದುವೆಯಾಗಲಿ. ಇನ್ನೊಂದು ಪಾಸ್‌ಪೋರ್ಟ್ ಬೇಕೆಂದರೆ ನಾನೇ ಆಫೀಸಿನವರ ಮುಂದೆ ನಿಂತು ಬೇಕು ಎಂದು ಹೇಳಬೇಕು, ರುಜು ಹಾಕಬೇಕು. ಅದು ಆಗುವ ಮಾತಲ್ಲ. ಬೂಟು ಹಾಕಿಕೊಂಡು ಲಾಯದ ಹಿಂದಿನ ತಿಪ್ಪೆಗೆ ಹೋದೆ. ಚಳಿಗೆ ತಿಪ್ಪೆಯಿಂದ ಹಬೆ ಏಳುತ್ತಿತ್ತು. ಮೇಲಿನದು ಒಣಗಿದ್ದರೂ ಒಳಗೆ ಕೈ ಇಡಲಾಗದಷ್ಟು ಕಾವು ಇರುತ್ತದೆ, ಏನು ಹಾಕಿದರೂ ಮಣ್ಣು ಮಾಡುತ್ತದೆ. ಕವಲುಗೋಲಿನಿಂದ ಆಳಕ್ಕೆ ತೋಡಿ, ನನ್ನ ಪಾಸ್‌ಪೋರ್ಟನ್ನು ಹಾಳೆಹಾಳೆಯಾಗಿ ಹರಿದು ಒಳಗೆ ತುರುಕಿ ಮುಚ್ಚಿದೆ. ಆಮೇಲೆ ಲಾಯಕ್ಕೆ ಹೋಗಿ, ಗೌರಿಯ ಬೆನ್ನು ತೊಳೆದು ಮುಲಾಮು ಹಚ್ಚಿ, ಒಂದೊಂದೇ ಗೂಡು ಬಾಚಿ, ಆ ದಿನದ ಲದ್ದಿಯನ್ನೆಲ್ಲ ತಂದು ಅದರ ಮೇಲೆ ಸುರಿದೆ.